ಗೀರಿನ ಹಿಂದಿದ್ದ ಮುಖ

ಮಾರ್ಚ್ ೯, ಭಾನುವಾರ

ಆ ಗೀರು ಕೊನೆಗೂ ಹೋಯಿತು. ಯುದ್ಧಕಾಲದ ಕಪ್ಪುಬಿಳುಪು ಸಿನಿಮಾದಲ್ಲಿ ಮೂರನೆಯ ಸಿಪಾಯಿಯ ಮುಖವನ್ನೇ ಅದು ಮುಚ್ಚಿತ್ತು. ಆರು ವಾರ ಕಂಪ್ಯೂಟರಿನಲ್ಲಿ ಒಂದೊಂದೇ ಫ್ರೇಮ್ ತಿದ್ದಿದ್ದೇನೆ.

ಆ ಸಿಪಾಯಿಗಳ ಗುಂಪಿನಲ್ಲಿ ತನ್ನಪ್ಪ ನಟಿಸಿದ್ದನೆಂದು ಕಾಳಿಯಮ್ಮಾಳ್ ಅಜ್ಜಿ ಹೇಳಿದರೆ ನಮ್ಮೂರು ಉತ್ತಮಪಾಳಯಂನಲ್ಲಿ ಯಾರೂ ನಂಬುತ್ತಿರಲಿಲ್ಲ. ಮರುವರ್ಷ ನಿಜವಾದ ಸೈನ್ಯವನ್ನೇ ಸೇರಿ ಬರ್ಮಾಕ್ಕೆ ಹೋದವನು ಮರಳಲಿಲ್ಲ. ಆಗ ಅಜ್ಜಿಗೆ ಆರು ವರ್ಷ. ಮನೆಯಲ್ಲಿ ಅವನದೊಂದು ಫೋಟೋ ಕೂಡ ಇಲ್ಲ.

ಇವತ್ತು ಮಧ್ಯಾಹ್ನ ಟಿವಿಯಲ್ಲಿ ಹಾಕಿದೆ. ಮೂರನೆಯ ಸಿಪಾಯಿ ನಕ್ಕ. ಅಜ್ಜಿ ಎದ್ದು ನಿಂತಳು.

“ನಮ್ಮಪ್ಪನೇ ಕಣೋ, ಸೇಕರಾ. ನಗೋವಾಗ ಹಿಂಗೇ ತಲೆ ಬಗ್ಗಿಸ್ತಾನೆ. ಇನ್ನೊಂದು ತಡವೆ ಹಾಕು.”

ಒಂಬತ್ತು ಸಲ ಹಾಕಿದೆ. ಕಡೆಗೆ ಎಂಬತ್ತೆಂಟರ ಅಜ್ಜಿ ಟಿವಿಯ ಮೇಲೆ ಕೈಯಿಟ್ಟು, “ಇಷ್ಟು ಚಿಕ್ಕ ಹುಡ್ಗನಾ ನಮ್ಮಪ್ಪ?” ಎಂದಳು.

ಗೆದ್ದೆವು. ಕಣ್ಣು ಉರಿಯುತ್ತಿದೆ, ಆದರೂ ನಿದ್ದೆ ಬರುತ್ತಿಲ್ಲ.