ಪಕ್ಕಕ್ಕಿಟ್ಟ ಮಣ್ಣು

ತಮ್ಮಾ,

ನೀನು ಬದುಕಿದ್ದಿದ್ದರೆ ನಾನು ಕಾಗದ ಯಾಕೆ ಬರೆಯುತ್ತಿದ್ದೆ? ನಿನ್ನ ಬಾಗಿಲಲ್ಲೇ ನಿಂತು ಬೀದಿಗೆಲ್ಲ ಕೇಳುವ ಹಾಗೆ ಬೈಯುತ್ತಿದ್ದೆ.

ಕಲ್ಲುಕ್ವಾರಿ ಮುಚ್ಚಿತು. ಇವತ್ತು ಅಲ್ಲಿ ಗಿಡ ನೆಡುವವರು ಬಂದಿದ್ದರು. ನನ್ನ ಹೊಲವನ್ನು ಕ್ವಾರಿಗೆ ಕೊಡಿಸುವಾಗ ನೀನು ಏನೆಂದಿದ್ದೆ? "ಅಕ್ಕಾ, ಮೇಲ್ಮಣ್ಣನ್ನೆಲ್ಲ ಕೆರೆದು ಪಕ್ಕಕ್ಕೆ ಗುಡ್ಡೆ ಹಾಕಿಸ್ತೀನಿ. ಕಲ್ಲು ಮುಗಿದ ಮೇಲೆ ಅದನ್ನೇ ಹರಡಿದ್ರೆ ಮತ್ತೆ ಹಸಿರಾಗುತ್ತೆ. ನಾನೇ ಕಾಯ್ತೀನಿ." ನಂಬಿ ಸಹಿ ಹಾಕಿದೆ.

ಗುಡ್ಡೆಯೇನೋ ಹುಲ್ಲು ಹೊದ್ದು ಲಕ್ಷಣವಾಗಿತ್ತು. ಅಗೆದರೆ ಮೇಲೆ ಒಂದು ಗೇಣು ಮಣ್ಣು, ಕೆಳಗೆಲ್ಲ ಕ್ವಾರಿಯ ಕಲ್ಲುಪುಡಿ. ಊರವರ ಜೊತೆ ನೋಡಲು ಬಂದಿದ್ದ ಇಟ್ಟಿಗೆ ಗೂಡಿನವನು ನನ್ನ ಕಿವಿಯಲ್ಲಿ ಉಸುರಿದ: "ನಿಮ್ಮ ತಮ್ಮನೇ ನಿಂತು ಲಾರಿಗೆ ತುಂಬಿಸಿ ನಮಗೆ ಕೊಟ್ಟಿದ್ದು, ನಿಮಗೆ ಗೊತ್ತಿರಲಿಲ್ವಾ?"

"ಇದನ್ನ ಕಾಯ್ತಿದ್ದವರು ಯಾರಜ್ಜಿ?" ಎಂದು ಗಿಡದ ಮೇಡಂ ಕೇಳಿದಳು.

ನಾನು ಬಾಯಿ ತೆರೆಯುವುದರೊಳಗೆ ನಿನ್ನ ಮಗಳು ಸಸಿ ಹಿಡಿದುಕೊಂಡೇ ಮುಂದೆ ಬಂದಳು. "ನಮ್ಮಪ್ಪ! ಊಟಕ್ಕೂ ಮನೆಗೆ ಬರ್ತಿರಲಿಲ್ಲ, ಇಲ್ಲೇ ಕೂತಿರ್ತಿದ್ರು."

"ಅವನು ಹೋದ ಮೇಲೆ ಯಾರೋ ಕದ್ದಿದ್ದಾರೆ," ಎಂದೆ ನಾನು. ಇಟ್ಟಿಗೆಯವನು ನೆಲ ನೋಡಿದ.

ಮಣ್ಣಿಲ್ಲದೆ ಮರ ಬೇರೂರುವುದಿಲ್ಲವಂತೆ. ಹುಲ್ಲಿನ ಬೀಜ ಚೆಲ್ಲಿ, ಸಸಿಗಳನ್ನು ವಾಪಸ್ ವ್ಯಾನಿಗೆ ತುಂಬಿಕೊಂಡು ಹೋದರು.

ದಾರಿಯುದ್ದಕ್ಕೂ ನಿನ್ನ ಮಗಳು ಅಳುತ್ತಿದ್ದಳು. "ಅತ್ತೆ, ಅಪ್ಪ ಕಾದ ಮಣ್ಣನ್ನ ಕದ್ದೋನು ಹಾಳಾಗಿ ಹೋಗ್ಲಿ. ನೀವೂ ಒಂದು ಶಾಪ ಹಾಕಿ, ನಿಮ್ಮ ಬಾಯಿಂದ ಬಂದ್ರೆ ತಟ್ಟುತ್ತೆ."

ಬರಲಿಲ್ಲ ಕಣೋ.

ನಿನ್ನ ಅಕ್ಕ