ಹದಿನಾಲ್ಕು ಅಡಿ

ಮಾರ್ಚ್ ಹನ್ನೊಂದು, ಮಂಗಳವಾರ
ಊಟದ ಮೇಜಿನಿಂದ

ಪ್ರೀತಿಯ ಭಾವನವರಿಗೆ,

ನಮಸ್ಕಾರ. ನಿಮ್ಮ ಕಾಗದ ಬಂದು ನಾಲ್ಕು ತಿಂಗಳಾಯಿತು. ಮಂಡಿಯ ಆಪರೇಷನ್ ಹೇಗಾಯಿತು, ಮೆಟ್ಟಿಲು ಹತ್ತುತ್ತೀರೋ ಇಲ್ಲವೋ ಎಂದು ಆಗಲೇ ಕೇಳಬೇಕಾಗಿತ್ತು. ಕೇಳಲಿಲ್ಲ. ಕೈ ನಡುಗುತ್ತದೆ, ಕನ್ನಡಕ ಬದಲಾಯಿಸಬೇಕು ಎಂದೆಲ್ಲ ನೆಪ ಹೇಳಬಹುದು. ಆದರೆ ನಿಮ್ಮ ತಂಗಿ ಅದನ್ನು ಓದಿದರೆ ನಗುತ್ತಾಳೆ. ದಿನಾ ಪತ್ರಿಕೆಯ ಪದಬಂಧ ತುಂಬುವುದಕ್ಕೆ ಈ ಕೈ ನಡುಗುವುದಿಲ್ಲವಲ್ಲ. ತಪ್ಪಾಯಿತು, ಬೈದುಕೊಳ್ಳಿ.

ಮೊದಲು ದೊಡ್ಡ ಸುದ್ದಿ. ನಮ್ಮ ಹಾಲಿನವಳು ನಿವೃತ್ತಳಾಗುತ್ತಿದ್ದಾಳೆ. ನಾವೆಲ್ಲ ಹಾಗೆ ಕರೆಯುತ್ತಿದ್ದ, ಮೂವತ್ತನಾಲ್ಕು ವರ್ಷ ನೌಕಾಪಡೆಗೆ ಎಣ್ಣೆ ಹೊತ್ತು ಹಾಕಿದ ಟ್ಯಾಂಕರ್ ಹಡಗು ಬರುವ ಭಾನುವಾರದ ನಂತರದ ಭಾನುವಾರ ತನ್ನದೇ ಎಂಜಿನ್ನಿನಲ್ಲಿ ಕಟ್ಟೆಯಿಂದ ಹೊರ ಬಂದರಿಗೆ ಹೋಗಿ ನಿಲ್ಲುತ್ತಾಳೆ. ಅಲ್ಲಿಂದ ಮುಂದೆ ಬೇರೆಯವರು ಎಳೆದುಕೊಂಡು ಹೋಗಿ ಒಡೆಯುತ್ತಾರಂತೆ. ಸುದ್ದಿ ಕೇಳಿದ ದಿನ ನನಗೆ ಊಟ ಸೇರಲಿಲ್ಲ. ನಿಮ್ಮ ತಂಗಿ, ಹೆತ್ತ ಮಗಳನ್ನು ಗಂಡನ ಮನೆಗೆ ಕಳಿಸಿದಾಗಲೂ ಇಷ್ಟು ಮುಖ ಸಣ್ಣ ಮಾಡಿರಲಿಲ್ಲ ನೀವು ಎಂದಳು. ನಿಜವೇ. ಮಗಳು ತಿರುಗಿ ಬರುತ್ತಾಳೆಂದು ಗೊತ್ತಿತ್ತು.

ಹಡಗಿನ ಸೇವಾ ಚರಿತ್ರೆಯನ್ನು ಪುಸ್ತಕವಾಗಿ ತರುತ್ತಿದ್ದಾರೆ. ದಾಖಲೆ ಕಚೇರಿಯಲ್ಲಿ ಒಬ್ಬ ಅಧಿಕಾರಿಣಿ ಇದ್ದಾಳೆ, ನಮ್ಮ ಮೊಮ್ಮಗಳ ವಯಸ್ಸು. ಕತ್ತಿನಲ್ಲಿ ಎರಡು ಪೆನ್ನು ನೇತುಹಾಕಿಕೊಂಡಿರುತ್ತಾಳೆ. ಡೆಕ್ಕಿನ ಮೇಸ್ತ್ರಿಯಾಗಿ ಹೆಚ್ಚು ವರ್ಷ ಇದ್ದವನು ನಾನೆಂದು ಪಟ್ಟಿಯಲ್ಲಿ ಹುಡುಕಿ ಕರೆಸಿದಳು. ಅವಳ ಬಳಿ ಇದ್ದದ್ದು ಬರೀ ತಾರೀಕುಗಳು. ನಾನು ಆರು ದಿನ ಹೋಗಿ ಕೂತು ಆ ತಾರೀಕುಗಳಿಗೆ ಮೈ ತುಂಬಿಸಿದೆ. ನನಗೆ ಮಾತು ಸಿಕ್ಕರೆ ಹೇಗೆಂದು ನಿಮಗೆ ಗೊತ್ತಲ್ಲ. ಅವಳ ಚಹಾ ಮೂರು ಸಲ ಆರಿತು.

ಚಂಡಮಾರುತದ ವರ್ಷದ ಕಥೆ ಹೇಳಿದೆ. ದಾರಿ ತಪ್ಪಿದ ಮೀನುದೋಣಿಗಳನ್ನು ಹುಡುಕುತ್ತಿದ್ದ ನಾಲ್ಕು ಯುದ್ಧನೌಕೆಗಳ ಹೊಟ್ಟೆ ಖಾಲಿಯಾಗುತ್ತಾ ಬಂದಾಗ, ಬಂದರಿಗೆ ವಾಪಸು ಹೋಗುವಷ್ಟು ಹೊತ್ತಿಲ್ಲದಾಗ, ನಾವು ಹೋಗಿ ಅಲೆಗಳ ನಡುವೆ ಒಂದರ ನಂತರ ಒಂದಕ್ಕೆ ಎಣ್ಣೆ ಕೊಟ್ಟೆವು. ಹನ್ನೊಂದು ಗಂಟೆ ಹಿಡಿಯಿತು. ಅಷ್ಟೂ ಹೊತ್ತು ಚುಕ್ಕಾಣಿ ಹಿಡಿದವರು ನೀವು. ಬದಲಿ ಬಂದವನಿಗೆ, ನನ್ನ ಕೈಗೆ ಇವಳ ಮೈ ಈಗಷ್ಟೇ ಒಗ್ಗಿದೆ, ಸ್ವಲ್ಪ ತಡಿ ಎಂದು ಹೇಳಿ ಕಳಿಸಿಬಿಟ್ಟಿರಿ. ಮೂವತ್ತೇಳು ಮೀನುಗಾರರು ಮನೆಗೆ ಬಂದರು. ಪತ್ರಿಕೆಯಲ್ಲಿ ಯುದ್ಧನೌಕೆಯ ಫೋಟೋ ಬಂತು. ಅದರ ಮೂಲೆಯಲ್ಲಿ ಹೆಬ್ಬೆರಳಿನಷ್ಟು ನಮ್ಮ ಹೋಸ್ ಪೈಪು. ಆ ಚೂರನ್ನು ಕತ್ತರಿಸಿ ನಾನು ಅಡುಗೆಮನೆಯ ಗೋಡೆಗೆ ಅಂಟಿಸಿದ್ದು ನೆನಪಿದೆಯೇ?

ದ್ವೀಪಕ್ಕೆ ನೀರು ಒಯ್ದದ್ದನ್ನೂ ಬರೆಸಿದೆ. ಒಂದು ಟ್ಯಾಂಕನ್ನು ಐದು ದಿನ ಉಜ್ಜಿ ತೊಳೆದು ಕುಡಿಯುವ ನೀರು ತುಂಬಿಸಿಕೊಂಡು ಹೋದರೂ ಆ ನೀರಿಗೆ ಡೀಸೆಲ್ ವಾಸನೆ ಬಿಟ್ಟಿರಲಿಲ್ಲ. ಅಲ್ಲಿನ ಮುದುಕಿಯೊಬ್ಬಳು ಒಂದು ಲೋಟ ಕುಡಿದು, ಇನ್ನು ಮೇಲೆ ನನ್ನ ಕೀಲುಗಳು ಕಿರ್ರೆನ್ನುವುದಿಲ್ಲ ಬಿಡಿ ಎಂದಿದ್ದಳಲ್ಲ, ಅದನ್ನು ಕೇಳಿ ಅಧಿಕಾರಿಣಿ ಮೇಜು ತಟ್ಟಿ ನಕ್ಕಳು. ಆದರೆ ಸೇವಾ ಚರಿತ್ರೆಯಲ್ಲಿ ಹಾಕಲಾಗದು ಎಂದಳು. ಹಾಕಲೇಬೇಕೆಂದು ಹಟ ಹಿಡಿದೆ. ಹಾಕಿದ್ದಾಳೆ.

ನಾನು ಬರೆಸಿದ್ದರಲ್ಲಿ ಅವಳಿಗೆ ಹೆಚ್ಚು ಹಿಡಿಸಿದ್ದು ಒಂದೇ ಮಾತು. ಯುದ್ಧನೌಕೆಗಳು ಎಷ್ಟು ದೂರ ಹೋದವು ಎಂದು ಎಲ್ಲರೂ ಬರೆಯುತ್ತಾರೆ, ಅಷ್ಟು ದೂರ ಹೋಗಲು ಎಣ್ಣೆ ಕೊಟ್ಟವರು ಯಾರು ಎಂದು ಯಾರೂ ಬರೆಯುವುದಿಲ್ಲ. ಎಲೆಮರೆಯ ಕಾಯಿಯಂತೆ ಇದ್ದವಳು ನಮ್ಮ ಹಡಗು. ಅವಳ ಮೇಲೆ ದುಡಿದೆ ಎಂದು ಹೇಳಿಕೊಳ್ಳುವಾಗ ಈಗಲೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಬುಧವಾರ

ನಿನ್ನೆ ಇಷ್ಟು ಬರೆದು ಎದ್ದೆ. ಮುಂದಿನದನ್ನು ಬರೆಯಲು ಧೈರ್ಯ ಸಾಲಲಿಲ್ಲ. ಈಗ ನಿಮ್ಮ ತಂಗಿ ಎದುರಿನ ಕುರ್ಚಿಯಲ್ಲಿ ಕೂತು ಬಟ್ಟೆಗೆ ಗುಂಡಿ ಹೊಲಿಯುತ್ತಿದ್ದಾಳೆ. ಮೂರು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ತಟ್ಟೆ ಇಡುತ್ತಾಳೆ, ಮಾತ್ರೆ ಕೊಡುತ್ತಾಳೆ, ಬಾಯಿ ಮಾತ್ರ ತೆರೆಯುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ಕೊನೆಯ ಓಟದ ದಿನ ಹಳಬರೊಬ್ಬರ ಕೈಗೆ ಚುಕ್ಕಾಣಿ ಕೊಡಬೇಕೆಂದು ಈಗಿನ ಕ್ಯಾಪ್ಟನ್ ಆಸೆಪಟ್ಟಿದ್ದಾರೆ. ಯಾರಿಗೆ ಕೊಡಲಿ ಎಂದು ನನ್ನನ್ನೇ ಕೇಳಿದರು. ನಾನು ಒಂದು ಗಳಿಗೆಯೂ ಯೋಚಿಸದೆ ನಿಮ್ಮ ಹೆಸರು ಹೇಳಿದೆ. ಹಡಗಿನ ಹಿಂದೆ ಏಳುವ ನೊರೆಯನ್ನು ಸ್ಕೇಲು ಇಟ್ಟು ಎಳೆದಂತೆ ಬಿಡಿಸುತ್ತಿದ್ದರೆಂದು ಎಲ್ಲರೂ ಅವರನ್ನು ‘ಗೆರೆ’ ಎಂದೇ ಕರೆಯುತ್ತಿದ್ದರು ಎಂದೂ ಹೇಳಿದೆ. ಕ್ಯಾಪ್ಟನ್ ಒಪ್ಪಿದರು. ಅಧಿಕಾರಿಣಿ ಮಾತ್ರ ಸುಮ್ಮನೆ ಹನ್ನೊಂದನೆಯ ವರ್ಷದ ಪುಟವನ್ನು ತಿರುಗಿಸಿ ನನ್ನ ಮುಂದಿಟ್ಟಳು. ಅಲ್ಲಿ ಹೀಗಿತ್ತು: ‘ಎಣ್ಣೆ ನೀಡುವಾಗ ಚುಕ್ಕಾಣಿಗನ ತಪ್ಪಿನಿಂದ ಹಡಗು ಯುದ್ಧನೌಕೆಗೆ ತಾಗಿತು. ಚುಕ್ಕಾಣಿಗನನ್ನು ಹಡಗಿನಿಂದ ಇಳಿಸಲಾಯಿತು.’

ಈ ಸಾಲು ಪುಸ್ತಕದಲ್ಲಿ ಇರುವಾಗ ಅದೇ ಮನುಷ್ಯನ ಕೈಗೆ ಚುಕ್ಕಾಣಿ ಕೊಡುವುದು ಹೇಗೆ ಎಂದು ಕೇಳಿದಳು. ಆ ಸಾಲು ಸುಳ್ಳು, ತೆಗೆಯಮ್ಮ ಎಂದೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ.

“ತಾತ, ನೀವು ಹೇಳಿದ ಮುದುಕಿ ಕಥೆ ಹಾಕ್ದೆ, ಯಾಕಂದ್ರೆ ಅದರಿಂದ ಯಾರಿಗೂ ನಷ್ಟ ಇಲ್ಲ. ಆದ್ರೆ ಇದು ವಿಚಾರಣೆಯ ತೀರ್ಪು. ಸಾಕ್ಷಿ ಇಲ್ದೆ ಒಂದಕ್ಷರಾನೂ ತೆಗೆಯೋ ಹಾಗಿಲ್ಲ.”

ಶುಕ್ರವಾರದೊಳಗೆ ತಂದುಕೊಡಿ, ಆಮೇಲೆ ಅಚ್ಚಿಗೆ ಹೋಗುತ್ತದೆ ಎಂದಳು.

ಆ ದಿನದ್ದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಆದರೂ ಅವಳಿಗೆ ಹೇಗೆ ಬಿಡಿಸಿ ಹೇಳಿದೆನೋ ಹಾಗೇ ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿ. ಎರಡು ಹಡಗುಗಳು ಪಕ್ಕಪಕ್ಕದಲ್ಲಿ ಒಂದೇ ವೇಗದಲ್ಲಿ ಓಡುತ್ತಿರುವಾಗಲೇ ಎಣ್ಣೆ ಕೊಡಬೇಕು. ಟ್ಯಾಂಕರ್ ಅತ್ತಿತ್ತ ಅಲುಗದೆ ನೇರ ಹೋಗಬೇಕು, ಅದು ಚುಕ್ಕಾಣಿಗನ ಕೆಲಸ. ಎಷ್ಟು ಹತ್ತಿರ, ಎಷ್ಟು ದೂರ ಎಂದು ನೋಡಿಕೊಳ್ಳುವುದು ಪಕ್ಕದಲ್ಲಿ ಬರುವ ಯುದ್ಧನೌಕೆಯ ಕೆಲಸ. ಅದಕ್ಕಾಗಿ ಎರಡರ ನಡುವೆ ಒಂದು ಹಗ್ಗ ಕಟ್ಟುತ್ತೇವೆ. ನಮ್ಮ ಡೆಕ್ಕಿನ ಅಂಚಿನ ಕಂಬಿಯಲ್ಲಿ ಸೊನ್ನೆ, ಅಲ್ಲಿಂದ ಇಪ್ಪತ್ತು ಅಡಿಗೊಂದು ಬಣ್ಣದ ಬಾವುಟ. ಆ ಕಡೆಯವರು ತಮ್ಮ ಕಂಬಿಯ ಹತ್ತಿರ ಯಾವ ಬಣ್ಣ ಇದೆಯೆಂದು ನೋಡಿ ಅಂತರ ತಿಳಿಯುತ್ತಾರೆ. ತೀರಾ ಹತ್ತಿರ ಬಂದರೆ ನಡುವಿನ ನೀರೇ ಎರಡನ್ನೂ ಒಂದಕ್ಕೊಂದು ಎಳೆದುಬಿಡುತ್ತದೆ.

ಆ ದಿನ ಹಾಗೇ ಆಯಿತು. ಕಂಬಿಗಳು ಬಾಗಿದವು, ಹೋಸ್ ಪೈಪು ಹರಿದು ಡೆಕ್ಕೆಲ್ಲ ಎಣ್ಣೆ, ನಾನು ಕೊಡಲಿ ಎತ್ತಿ ಕಟ್ಟುಗಳನ್ನು ಕಡಿದೆ. ಯಾರಿಗೂ ಪೆಟ್ಟಾಗಲಿಲ್ಲ. ವಿಚಾರಣೆಯಲ್ಲಿ ಯುದ್ಧನೌಕೆಯವರು, ಬಾವುಟದ ಲೆಕ್ಕದಲ್ಲಿ ನಾವು ಸರಿಯಾಗಿ ಎಂಬತ್ತು ಅಡಿ ದೂರದಲ್ಲೇ ಇದ್ದೆವು, ಆದ್ದರಿಂದ ಟ್ಯಾಂಕರೇ ನಮ್ಮ ಕಡೆ ತಿರುಗಿರಬೇಕು ಎಂದರು. ಅವರು ಸುಳ್ಳು ಹೇಳಲಿಲ್ಲ. ನೀವೂ ಹೇಳಲಿಲ್ಲ. ನೀವು ಹೇಳಿದ್ದು ಒಂದೇ ಮಾತು, “ನಾನು ನೇರಾನೇ ಹಿಡಿದಿದ್ದೆ.” ಮೂರು ಸಲ ಕೇಳಿದರು, ಮೂರು ಸಲವೂ ಅದೇ. ವಾದ ಮಾಡುವ ಅಭ್ಯಾಸ ನಿಮಗಿಲ್ಲ.

ಆಮೇಲೆ ನೀವು ನದಿಯ ಫೆರಿ ದೋಣಿ ಸೇರಿದಿರಿ. ಇಪ್ಪತ್ತೊಂದು ವರ್ಷ, ದಿನಕ್ಕೆ ಹದಿನಾಲ್ಕು ಸಲ ಈ ದಡ ಆ ದಡ. ಒಂದು ದಿನವೂ ಕಟ್ಟೆಯ ಬಣ್ಣ ಕೂಡ ಕೀಳಲಿಲ್ಲ ನಮ್ಮಣ್ಣ ಎಂದು ನಿಮ್ಮ ತಂಗಿ ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ. ಹಳಬರು ವರ್ಷಕ್ಕೊಮ್ಮೆ ಸೇರುವ ದಿನ ಮಾತ್ರ ನಿಮಗೆ ಯಾವಾಗಲೂ ಜ್ವರ. ನಾನು ನಂಬಿದಂತೆ ನಟಿಸುತ್ತೇನೆ.

ಈ ಸಲ ಜ್ವರ ಬರಬಾರದು. ಸಾಕ್ಷಿ ಸಿಕ್ಕಿದೆ. ಇವತ್ತು ಬೆಳಿಗ್ಗೆ ಅದನ್ನು ಅಧಿಕಾರಿಣಿಯ ಕೈಗೆ ಕೊಟ್ಟು, ಕೆಳಗೆ ಸಹಿ ಹಾಕಿ ಬಂದೆ. ಸಾಲು ಬದಲಾಗಿದೆ. ಚುಕ್ಕಾಣಿ ನಿಮಗೆ ಎಂದು ಕ್ಯಾಪ್ಟನ್ ಬರೆದುಕೊಟ್ಟ ಕಾಗದ ಇದರ ಜೊತೆಗಿದೆ. ನಾಲ್ಕು ಮೈಲಿಯಷ್ಟೇ. ಮಂಡಿ ನೋವಾದರೆ ಸ್ಟೂಲು ಹಾಕಿಸುತ್ತಾರೆ. ನೀವು ಅದರ ಮೇಲೆ ಕೂರುವುದಿಲ್ಲವೆಂದು ನನಗೆ ಗೊತ್ತು.

ಅತ್ತಿಗೆಗೆ ನಮಸ್ಕಾರ ಹೇಳಿ. ಮಕ್ಕಳಿಗೆ, ಮೊಮ್ಮಕ್ಕಳಿಗೆ ನಮ್ಮಿಬ್ಬರ ಆಶೀರ್ವಾದ. ದೊಡ್ಡವಳಿಗೆ ಕೆಲಸ ಸಿಕ್ಕಿದ್ದು ಕೇಳಿ ತುಂಬಾ ಸಂತೋಷವಾಯಿತು. ಅವಳು ಹಿಡಿದ ದಾರಿ ನೇರವಾಗಿರಲಿ, ಅಜ್ಜನ ಕೈಯೇ ಅವಳಿಗೂ ಬರಲಿ.

ನಿಮ್ಮ ತಂಗಿಯ ಗಂಡ,
ಹಗ್ಗದ ಮೇಸ್ತ್ರಿ

ಮರೆತ ಮಾತು ಅಂದುಕೊಳ್ಳಬೇಡಿ, ಇದನ್ನು ಬರೆಯಲೆಂದೇ ಇಷ್ಟುದ್ದ ಬರೆದೆ:

ಮದುವೆಗೆ ಮುಂಚೆ ನಾನು ನಿನ್ನನ್ನು ನೀನು ಎಂದೇ ಕರೆಯುತ್ತಿದ್ದೆ. ಅಣ್ಣನಿಗೆ ನೀನು ಗೀನು ಅಂದರೆ ಮನೆಯೊಳಗೆ ಕಾಲಿಡಲ್ಲ ಎಂದು ನಿನ್ನ ತಂಗಿ ಹೆದರಿಸಿದ ಮೇಲೆ ನೀನು ‘ನೀವು’ ಆದೆ. ಇದೊಂದು ಮಾತನ್ನು ಆ ಹಳೆಯ ಗೆಳೆಯನಿಗೆ ಹೇಳಲು ಬಿಡು.

ಸಾಕ್ಷಿ ಇಪ್ಪತ್ತಮೂರು ವರ್ಷದಿಂದ ನನ್ನ ತಗಡಿನ ಪೆಟ್ಟಿಗೆಯಲ್ಲೇ ಇತ್ತು. ಅದು ಆ ಹಗ್ಗ. ಆ ದಿನ ಬೆಳಿಗ್ಗೆ ನೋಡಿದಾಗ ನಮ್ಮ ಕಡೆಯ ತುದಿಯಲ್ಲಿ, ಸೊನ್ನೆಗೂ ಮೊದಲ ಬಾವುಟಕ್ಕೂ ನಡುವೆ, ಕಂಬಿಗೆ ಉಜ್ಜಿ ಉಜ್ಜಿ ಎಳೆಗಳು ಬಿಟ್ಟಿದ್ದವು. ಯುದ್ಧನೌಕೆ ಆಗಲೇ ಕಣ್ಣಿಗೆ ಕಾಣುತ್ತಿತ್ತು. ಸವೆದ ಭಾಗ ಕತ್ತರಿಸಿ ಹಾಕಿ ಎರಡು ತುದಿಗಳನ್ನು ಎಳೆಗೆ ಎಳೆ ಸೇರಿಸಿ ಹೆಣೆದೆ. ಎಂಥ ಜೋಡಣೆ ಅದು! ನನ್ನ ಜೀವನದಲ್ಲೇ ಅಂಥದ್ದು ಮತ್ತೆ ಬರಲಿಲ್ಲ. ದಪ್ಪವಿಲ್ಲ, ಗಂಟಿಲ್ಲ, ಕೈಯಾಡಿಸಿದರೆ ಸಿಗುವುದೇ ಇಲ್ಲ. ಆಗಿನ ಮೇಸ್ತ್ರಿ ನಾಲ್ಕು ಜನರನ್ನು ಕರೆದು ತೋರಿಸಿದ. ಹಗ್ಗ ಗಿಡ್ಡವಾಗಿದೆ, ಸೊನ್ನೆಯ ಗುರುತನ್ನು ಹಿಂದಕ್ಕೆ ಸರಿಸಬೇಕು ಎಂದು ನನಗೆ ಗೊತ್ತಿತ್ತು. ಆಮೇಲೆ ಸರಿಸಿದರಾಯಿತು ಎಂದುಕೊಂಡೆ. ಹೊಗಳಿಕೆ ಕೇಳುತ್ತಾ ಮರೆತೆ.

ವಿಚಾರಣೆಯ ದಿನ ಸುತ್ತಿಟ್ಟ ಹಗ್ಗ ಮೇಜಿನ ಮೇಲಿತ್ತು. ದೊಡ್ಡ ಅಧಿಕಾರಿ ಬಾವುಟಗಳನ್ನು ಎಣಿಸಿ, ಬಣ್ಣ ನೋಡಿ, ಹಗ್ಗದ ಮೇಲೆ ಬೆರಳಾಡಿಸಿದರು. “ಎಲ್ಲೂ ಜೋಡಿಸಿಲ್ಲ, ಹಗ್ಗ ಸರಿಯಾಗಿದೆ,” ಎಂದರು. ಆಗ ನನಗೆ ನೆನಪಾಯಿತು. ನೀನು ನನ್ನ ಪಕ್ಕದ ಕುರ್ಚಿಯಲ್ಲೇ ಇದ್ದೆ. ನನ್ನ ಕೈಕೆಲಸ ಅವರ ಬೆರಳಿಗೂ ಸಿಗಲಿಲ್ಲವಲ್ಲ ಎಂದು, ಹೇಳಲು ನಾಚಿಕೆಯಾಗುತ್ತದೆ, ಮೊದಲು ಹೆಮ್ಮೆಯಾಯಿತು. ಹೆದರಿಕೆ ಅದರ ಹಿಂದೆ ಬಂತು. ಬಾಯಿ ಬಿಡಲಿಲ್ಲ. ವಿಚಾರಣೆ ಮುಗಿದ ಮೇಲೆ ಯಾರಿಗೂ ಬೇಡವಾದ ಆ ಹಗ್ಗವನ್ನು ಮನೆಗೆ ತಂದು ಪೆಟ್ಟಿಗೆಯಲ್ಲಿಟ್ಟೆ. ಮುಂದಿನ ವರ್ಷ ನನ್ನನ್ನು ಮೇಸ್ತ್ರಿ ಮಾಡಿದರು.

ಭಾನುವಾರ ಮಧ್ಯಾಹ್ನ ಪೆಟ್ಟಿಗೆ ತೆಗೆದು ಹಗ್ಗವನ್ನು ಹಜಾರದಲ್ಲಿ ಹಾಸಿ ನಿನ್ನ ತಂಗಿಯನ್ನು ಕರೆದೆ. ಆ ಬಾವುಟಗಳನ್ನು ಹೊಲಿದುಕೊಟ್ಟವಳು ಅವಳೇ. ನೋಡಿದ ಕೂಡಲೇ ತನ್ನ ಹೊಲಿಗೆ ಗುರುತಿಸಿದಳು. ಸೊನ್ನೆಯಿಂದ ಮೊದಲ ಬಾವುಟಕ್ಕೆ ಅಳೆ ಎಂದೆ. ಇಪ್ಪತ್ತು ಅಡಿ ಇರಬೇಕಾದ ಜಾಗ. ಅವಳ ಹೊಲಿಗೆಯ ಟೇಪು ಐದಡಿಯದು. ಒಮ್ಮೆ ಪೂರ್ತಿ ಇಟ್ಟಳು, ಇನ್ನೊಮ್ಮೆ ಒಂದಡಿ ಇಡುವಷ್ಟರಲ್ಲಿ ಬಾವುಟ ಬಂದುಬಿಟ್ಟಿತು. ಆರು ಅಡಿ. ಟೇಪನ್ನು ಸುತ್ತಿಟ್ಟಳು. ಅಣ್ಣನಿಗೆ ಬರೆದ ಮೇಲೆ ನನ್ನನ್ನು ಮಾತಾಡಿಸಿ ಎಂದಳು. ಅವತ್ತಿನಿಂದ ಮಾತಿಲ್ಲ.

ಅವರು ಎಂಬತ್ತು ಎಂದುಕೊಂಡದ್ದು ಅರವತ್ತಾರು ಆಗಿತ್ತು. ನೀನು ನೇರಾನೇ ಹಿಡಿದಿದ್ದೆ. ಪುಸ್ತಕದಲ್ಲಿ ಈಗ ಹಾಗೇ ಇದೆ, ಹಗ್ಗ ಕಟ್ಟಿದವನು ನಾನು ಎಂಬುದೂ ಇದೆ.

ಚುಕ್ಕಾಣಿ ಹಿಡಿಯಲು ಬಾ. ನನಗಾಗಿ ಬೇಡ, ಹಾಲಿನವಳಿಗಾಗಿ ಬಾ. ಕಟ್ಟೆಯಿಂದ ಅವಳ ಹಗ್ಗ ಬಿಚ್ಚುವ ಕೆಲಸ ನನಗೆ ಕೊಟ್ಟಿದ್ದಾರೆ. ಅಲ್ಲಿ ನಾನು ನಿಂತಿರಬಹುದೋ ಬೇಡವೋ ಎಂದು ಒಂದು ಸಾಲು ಬರೆದು ತಿಳಿಸು. ಬೇಡ ಎಂದರೆ ಮನೆಯಲ್ಲೇ ಇರುತ್ತೇನೆ.