ತಲೆದಿಂಬು ಹಾಕಿದ ಮತ

ಸಹಕಾರ ಖಾತೆಯ ನಿಬಂಧಕ ಸಾಹೇಬರೇ,

‘ಮಾನ್ಯರೇ’ ಎಂದು ಬರೆಯಲು ಪೆನ್ನು ಎತ್ತಿದೆ, ಮನಸ್ಸು ಬರಲಿಲ್ಲ. ಮೊದಲು ದೂರು ಕೇಳಿ, ಮಾನದ ಮಾತು ಆಮೇಲೆ. ನಿಮ್ಮ ಕಚೇರಿ ಒಂದು ತಲೆದಿಂಬಿನ ಮತವನ್ನು ಎಣಿಸಿದೆ. ಹೌದು, ತಲೆದಿಂಬು! ದವಾಖಾನೆಯ ಫಿನಾಯಿಲ್ ವಾಸನೆ ಹೊಡೆಯುವ, ಹತ್ತಿ ಗಂಟುಕಟ್ಟಿದ, ಒಂದು ಮೂಲೆಗೆ ಮನುಷ್ಯನ ರಕ್ತ ಹತ್ತಿದ ತಲೆದಿಂಬು. ಅದು ಕೊಟ್ಟ ಒಂದು ಮತದ ಬಲದ ಮೇಲೆ ಬರುವ ಸೋಮವಾರ ನಮ್ಮ ಸೊಸಾಯಿಟಿಯ ಹಿಂದಿನ ಗೇಟಿಗೆ ಗೋಡೆ ಏಳಲಿದೆ. ಆ ಗೋಡೆ ಎದ್ದ ದಿನ ಒಬ್ಬ ಹೆಣ್ಣುಮಗಳ ಹಿಟ್ಟಿನ ಗಿರಣಿಯ ಕತ್ತು ಹಿಸುಕಿದಂತೆ.

ಈ ಪತ್ರ ಕನ್ನಡದಲ್ಲಿ ಏಕೆ ಎಂದು ತಾವು ಹುಬ್ಬು ಏರಿಸಬಹುದು. ಮರಾಠಿಯಲ್ಲಿ ಬರೆದುಕೊಟ್ಟ ನನ್ನ ಅರ್ಜಿಗಳು ತಮ್ಮ ಕಚೇರಿಯಲ್ಲಿ ಸುಖನಿದ್ರೆಯಲ್ಲಿವೆ, ಅವನ್ನು ಎಬ್ಬಿಸುವ ಪಾಪ ನನಗೆ ಬೇಡ. ನಾವು ವ್ಯವಹಾರವನ್ನು ಮರಾಠಿಯಲ್ಲಿ ಮಾಡಿ, ಹೊಡೆತ ಬಿದ್ದಾಗ ಕನ್ನಡದಲ್ಲಿ ಕೂಗುವ ಗಡಿಯ ಜನ. ಈ ಸಲ ಕೂಗುತ್ತಿದ್ದೇನೆ. ಗಡಿಯಾಚೆಯ ಪತ್ರಿಕೆಯಲ್ಲಿ ಅಚ್ಚಾದರೆ ಯಾರಾದರೊಬ್ಬರು ತಮಗೆ ಓದಿ ಹೇಳಿಯಾರು.

ಉದಗೀರದಿಂದ ನಿಲಂಗಾಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿ ನಮ್ಮ ಪುಟ್ಟ ವಸತಿ. ಮನೆಗಳು ಬೆರಳೆಣಿಕೆಯಷ್ಟು, ಕಮಿಟಿಯಲ್ಲಿ ಐದು ಜನ. ಚೇರ್ಮನ್ನರು ಒಬ್ಬರು. ಚೇರ್ಮನ್ನರು ಸೀನಿದರೆ ತಾವೂ ಸೀನುವ ಅವರ ಬೀಗರು ಒಬ್ಬರು. ವಲಾಂಡಿಯ ಒಕ್ಕಲುಮನೆತನದ ವೈಜನಾಥ, ಇಷ್ಟಲಿಂಗಕ್ಕೆ ನೀರೆರೆಯದೆ ಬಾಯಿಗೆ ನೀರು ಹಾಕದ ಮನುಷ್ಯ. ಗಿರಣಿ ನಡೆಸುವ ವಿಧವೆ ರಂಭಾಬಾಯಿ. ಐದನೆಯವನು ನಾನು, ಮದುವೆ ಮಂಟಪ ಕಟ್ಟುವ ಕಾಶೆಪ್ಪ. ರಂಭಾಬಾಯಿಯ ಗಿರಣಿ ಕೊನೆಯ ಮನೆ, ಹಿಂದಿನ ಗೇಟಿಗೆ ಮುಖ ಮಾಡಿದೆ. ಹಿಂದಿನ ಓಣಿಯ ಹೆಂಗಸರು ಜೋಳದ ಡಬ್ಬಿ ತಲೆಯ ಮೇಲೆ ಹೊತ್ತು ಅದೇ ಗೇಟಿನಿಂದ ಬರುತ್ತಾರೆ. ಗೇಟು ಮುಚ್ಚಿದರೆ ಲಾರಿಗಳು ಗುಡುಗುವ ಹೆದ್ದಾರಿ ಸುತ್ತಿ ಬರಬೇಕು. ಯಾರು ಬರುತ್ತಾರೆ? ಯಾರೂ ಬರುವುದಿಲ್ಲ.

ಕಳ್ಳರು ಬರುತ್ತಾರೆ, ಗೇಟು ಮುಚ್ಚಬೇಕು ಎಂದು ಚೇರ್ಮನ್ನರು ಠರಾವು ತಂದರು. ಕೈ ಎತ್ತುವ ಮೊದಲು ಒಂದು ಚಾಲಾಕಿ ಮಾಡಿದರು: ಐವರ ಅಂಗೈಗೂ ಒಂದೊಂದು ಬಿಲ್ವಪತ್ರೆ, ಅದರ ಮೇಲೆ ಚಿಟಿಕೆ ಅರಿಶಿನದ ಭಂಡಾರ. ಬೇಲ್‌ಭಂಡಾರ! ತಮಗೆ ಗೊತ್ತಿಲ್ಲದಿದ್ದರೆ ತಮ್ಮ ಜವಾನನನ್ನು ಕೇಳಿ. ನಮ್ಮ ಸೀಮೆಯಲ್ಲಿ ಕೋರ್ಟಿನ ಕಟಕಟೆಯಲ್ಲಿ ನಿಂತು ಸುಳ್ಳು ಹೇಳಿ ನಗುತ್ತ ಹೊರಬರುವವರಿದ್ದಾರೆ. ಮೈಲಾರಲಿಂಗನ ಭಂಡಾರ ಎತ್ತಿ ಮಾತು ತಪ್ಪುವ ಧೈರ್ಯದವರು ಕಡಿಮೆ. “ಠರಾವಿನಿಂದ ಹಿಂದ ಸರಿಯಂಗಿಲ್ಲ” ಎಂದು ಎಲ್ಲರಿಂದ ಹೇಳಿಸಿದರು. ಆಮೇಲೆ ಕೈಗಳು ಎದ್ದವು. ಮುಚ್ಚಲು ಮೂರು, ಬೇಡವೆಂದು ಎರಡು. ಆ ಮೂರರಲ್ಲಿ ಒಂದು ವೈಜನಾಥನ ಬಲಗೈ. ಅವನ ಮನೆಯಲ್ಲಿ ಹಿಂದೊಮ್ಮೆ ಕಳವಾಗಿತ್ತು, ನಂಬಿದ.

ಮರುದಿನ ಬೆಳಿಗ್ಗೆ ಜೋಳ ಬೀಸಿಸಿಕೊಂಡು ಬರಲು ಹೋದ ವೈಜನಾಥ ಗೇಟಿನ ಬಳಿ ನಿಂತುಬಿಟ್ಟ. ಗೋಡೆ ಕಟ್ಟುವ ಗವಂಡಿಯೊಬ್ಬ ದಾರ ಹಿಡಿದು ಸುಣ್ಣದ ಗೆರೆ ಎಳೆಯುತ್ತಿದ್ದ. ಗೆರೆ ಗೇಟಿಗೆ ಅಡ್ಡ ಬಂದು ಅಲ್ಲಿಗೆ ನಿಲ್ಲಲಿಲ್ಲ. ನಮ್ಮೆಲ್ಲರ ದಾರಿಯನ್ನು ಉದ್ದಕ್ಕೆ ನುಂಗುತ್ತ ಚೇರ್ಮನ್ನರ ಖಾಲಿ ಜಾಗಕ್ಕೆ ಹೋಗಿ ಕೂಡಿತು.

“ಇದೇನಪಾ?” ಎಂದು ವೈಜನಾಥ ಕೇಳಿದ.

“ಮಂಗಲ ಕಾರ್ಯಾಲಯದ ಪಾಯಾ ರೀ, ಕಾಕಾ. ಲಗ್ನದ ಮಂದಿಗಿ ಊಟದ ಜಾಗಾ ಇಲ್ಲಿ ಬರ್ತದ” ಎಂದ ಗವಂಡಿ, ಪಾಪ, ಸುಳ್ಳು ಹೇಳಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ವೈಜನಾಥ ನೆಟ್ಟಗೆ ನನ್ನ ಮನೆಗೆ ಬಂದ. “ಕಾಶೆಪ್ಪಾ, ಕಳ್ಳರು ಬರ್ತಾರಂತ ಕೈ ಎತ್ಸಿದ್ರು. ಕಳ್ಳರು ಒಳಗs ಹಾರ. ನಾ ಎತ್ತಿದ ಕೈ ಕೆಳಗಿಳಸ್ತೀನಿ.”

ಕಾನೂನು ಅವನ ಕಡೆಗಿತ್ತು. ಠರಾವು ಮುಂದಿನ ಸಭೆಯಲ್ಲಿ ಕಾಯಂ ಆಗುವವರೆಗೆ ಸದಸ್ಯ ಮನಸ್ಸು ಬದಲಿಸಬಹುದೆಂದು ನಮ್ಮ ಸೊಸಾಯಿಟಿಯ ನಿಯಮವೇ ಹೇಳುತ್ತದೆ. “ಸಾಹೇಬರ ಕಚೇರಿಗಿ ಅರ್ಜಿ ಕೊಡು, ಸಭಾ ಆಗೂತನ ಸುಮ್ಮ ಮನ್ಯಾಗ ಕೂಡು” ಎಂದೆ.

“ಅರ್ಜಿ ಸಾಹೇಬಗ ಮುಟ್ಟತದ. ಮೈಲಾರಗ ಹ್ಯಾಂಗ ಮುಟ್ಟತದೋ? ಮಂದಿ ಮುಂದ ಭಂಡಾರ ಎತ್ತೀನಿ, ಮಂದಿ ಮುಂದs ತಿರುಗಿ ಇಡ್ತೀನಿ.”

ಇದೇ ಅವನು ಮಾಡಿದ ತಪ್ಪು, ಸಾಹೇಬರೇ. ನಿಮ್ಮ ಇಡೀ ಖಾತೆಯಲ್ಲಿ ಯಾರೂ ಮಾಡಲಾರದ ತಪ್ಪು. ಮಾತು ಬದಲಿಸುವ ಮೊದಲು ದೇವರಿಗೆ, ಜನಕ್ಕೆ, ವೈರಿಗೆ, ಎಲ್ಲರಿಗೂ ತಿಳಿಸಿ ಬದಲಿಸಲು ಹೊರಟ.

ಹಾಡಹಗಲು. ವಸತಿಯ ಬಯಲಿನಲ್ಲಿರುವ ಮೈಲಾರಲಿಂಗನ ಸಣ್ಣ ಗುಡಿಯ ಮುಂದೆ ಜನ ನೆರೆದಿದ್ದರು. ವೈಜನಾಥ ಹಣೆಗೆ ವಿಭೂತಿ ಬಳಿದುಕೊಂಡು ಬಂದ, ಹೊಸ್ತಿಲ ಮೇಲೆ ಪತ್ರೆ, ಭಂಡಾರ ಇಟ್ಟ, ಬಾಗಿದ. “ಮೈಲಾರಪ್ಪಾ, ಸುಳ್ಳ ಹೇಳಿ ನನ ಕೈಯಾಗ ಇಟ್ಟಿದ್ರು. ತಗೋ, ನಿಂದು ನಿನಗ.” ಬಾಗಿದ ತಲೆ ಇನ್ನೂ ಎದ್ದಿರಲಿಲ್ಲ, ಮೊದಲ ಒದೆ ಪಕ್ಕೆಗೆ ಬಿತ್ತು.

ಒದ್ದವನು ಚೇರ್ಮನ್ನರ ಅಣ್ಣನ ಮಗ ಬಾಲಾಜಿ. ಅವನ ಹಿಂದೆ ಮತ್ತೆ ನಾಲ್ವರು, ಕೈಯಲ್ಲಿ ನಳದ ಪೈಪು. “ದೇವರ ಆಣಿ ಮುರದವಗ ದೇವರ ಮುಂದs ಶಿಕ್ಷಾ” ಎಂದು ಘೋಷಿಸಿದರು, ಏನೋ ಪುಣ್ಯದ ಕೆಲಸ ನಡೆದಿದೆ ಎನ್ನುವಂತೆ. ಚೇರ್ಮನ್ನರು ತಡೆಯಲಿಲ್ಲ, ಟೊಪ್ಪಿಗೆ ತೆಗೆದು ದೇವರಿಗೆ ಕೈಮುಗಿದು ನಿಂತಿದ್ದರು. ಎಂಥ ಭಕ್ತಿ!

ಬಾಲಾಜಿ ವೈಜನಾಥನ ಕೂದಲು ಹಿಡಿದು ಎಬ್ಬಿಸಿದ. ಬಹಳ ಮರ್ಯಾದೆಯಿಂದ, ರೀ ಹಚ್ಚಿ ಕೇಳಿದ: “ಕಾಕಾ, ಅವತ್ತ ಯಾವ ಕೈ ಎತ್ತಿದ್ರಿ? ಇದಾ? ಇದs ಹೌದಲ್ರೀ?” ಬಲಗೈಯನ್ನು ಗುಡಿಯ ಕಟ್ಟೆಯ ಅಂಚಿಗೆ ಅಡ್ಡಡ್ಡ ಹಿಡಿಸಿದ. ಪೈಪು ಎತ್ತಿದ.

ನಾನು ಕಂಪನಿ ನಾಟಕದ ಪೆಟ್ಟಿಗೆಗಳ ನಡುವೆ ಬೆಳೆದವನು. ನನ್ನ ತಂದೆ ರಾಜಪಾರ್ಟು ಹಾಕುತ್ತಿದ್ದರು. ರಟ್ಟಿನ ಗದೆಯ ಏಟಿಗೆ ನೂರಾರು ವೀರರು ಉರುಳಿದ್ದನ್ನು ಕಂಡಿದ್ದೇನೆ, ಕುಂಕುಮ ಕಲಸಿದ ನೀರಿನ ರಕ್ತ ಒರೆಸಿದ್ದೇನೆ. ಎಲುಬು ಮುರಿದ ಸದ್ದಿಗೆಂದು ನಮ್ಮವರು ಪರದೆಯ ಹಿಂದೆ ಒಣ ಬಿದಿರು ಮುರಿಯುತ್ತಿದ್ದರು. ಕೊನೆಯ ಸಾಲಿನ ಮುದುಕನೂ ಬೆಚ್ಚುತ್ತಿದ್ದ. ಅದು ಸುಳ್ಳು, ಸಾಹೇಬರೇ. ನಿಜವಾದ ಎಲುಬು ಅಷ್ಟು ಸದ್ದು ಮಾಡುವುದಿಲ್ಲ. ಹಸಿ ಜೋಳದ ದಂಟು ಮುರಿದ ಹಾಗೆ ಒಂದು ಸಣ್ಣ ಸದ್ದು, ಅಷ್ಟೇ. ಮೊಣಕೈಯ ಕೆಳಗೆ ಇನ್ನೊಂದು ಮೊಣಕೈ ಮೂಡಿದಂತೆ ಕೈ ಜೋತುಬಿತ್ತು. ಎಲುಬಿನ ತುದಿ ಚರ್ಮ ಹರಿದು ಹೊರಗೆ ಇಣುಕಿತು, ಬೆಳ್ಳಗೆ. ವೈಜನಾಥ ಚೀರಲಿಲ್ಲ, “ಮೈಲಾರಾ, ಮೈಲಾರಾ” ಎಂದ. ಬಾಲಾಜಿಗೆ ಅದನ್ನೂ ಸಹಿಸಲಾಗಲಿಲ್ಲ. ಎರಡನೆಯ ಏಟು ಬಾಯಿಯ ಮೇಲೆ. ದವಡೆ ಪಕ್ಕಕ್ಕೆ ಸರಿಯಿತು. ಹೊಸ್ತಿಲ ಮೇಲಿದ್ದ ಅರಿಶಿನದ ಭಂಡಾರ ಕೆಂಪಾಯಿತು.

ನಾನು ಬಾಲಾಜಿಯ ನಡು ಹಿಡಿದೆ, ಉಳಿದ ನಾಲ್ವರು ನನ್ನನ್ನು ಎತ್ತಿ ಕಟ್ಟೆಗೆ ಒಗೆದರು. ಮೂರು ಓಣಿಗೆ ಕೇಳುವ ದನಿ ನನ್ನದು, ಇದ್ದಷ್ಟು ಕೂಗಿದೆ. ನೆರೆದಿದ್ದವರು ಚದುರಿದರು, ಮೂರು ಓಣಿಯ ಬಾಗಿಲುಗಳೂ ಮುಚ್ಚಿಕೊಂಡವು. ಓಡಿ ಬಂದದ್ದು ಒಬ್ಬಳೇ, ರಂಭಾಬಾಯಿ. ಮೈಯೆಲ್ಲ ಹಿಟ್ಟು, ಕೈಯಲ್ಲಿ ಗಿರಣಿಯ ಚಕ್ರದಿಂದ ಕಿತ್ತ ರಬ್ಬರ್ ಪಟ್ಟಾ. “ಭಾಡ್ಯಾ, ನಿನ ಕೈ ಸೇದ್ಹೋಗ್ಲಿ! ನಿನ ಬಾಯಾಗ ಮಣ್ಣ ಬೀಳ್ಲಿ! ಮುದುಕಗ ಹೊಡಿತಿ? ನನಗ ಹೊಡಿ ಬಾ!” ಪಟ್ಟಾ ಬೀಸಿದಳು. ಬಾಲಾಜಿಯ ಕೆನ್ನೆ ಕಿವಿಯಿಂದ ತುಟಿಯವರೆಗೆ ಸೀಳಿತು. ಇನ್ನೊಮ್ಮೆ ಬೀಸಿದಳು, ಐವರೂ ಓಡಿದರು. ಬರೆದು ಹೇಳುತ್ತೇನೆ, ಆ ಸೀಳು ನೋಡಿ ನನಗೆ ಸಂತೋಷವಾಯಿತು.

ಈಗ ಅಂಕ ಎರಡು: ಸರ್ಕಾರದ ಪ್ರವೇಶ. ಪೊಲೀಸ್ ಠಾಣೆಯಲ್ಲಿ ಹವಾಲ್ದಾರರು ನನ್ನನ್ನು ನೋಡಿ, “ಹಾ ಸೊಸಾಯಟೀಚಾ ವಿಷಯ ಆಹೇ” ಎಂದರು, ಇದು ಸೊಸಾಯಿಟಿಯ ವಿಷಯ, ನಿಬಂಧಕರ ಬಳಿ ಹೋಗು ಎಂದು. ನಿಮ್ಮ ಕಚೇರಿಗೆ ಬಂದರೆ, ಹೊಡೆದಾಟ ಪೊಲೀಸರ ವಿಷಯ, ಠಾಣೆಗೆ ಹೋಗು ಎಂದರು. ಹೀಗೆ ನಾನು ನಿಮ್ಮಿಬ್ಬರ ನಡುವೆ ಚೆಂಡಾದೆ. ಗುನ್ಹೆ ಒಂದು ದಾಖಲಾಯಿತು, ಇಲ್ಲವೆನ್ನಲಾರೆ. ರಂಭಾಬಾಯಿಯ ಮೇಲೆ! ಆಯುಧ: ಗಿರಣಿಯ ಪಟ್ಟಾ.

ಅಂಕ ಮೂರು: ದವಾಖಾನೆ. ತಮ್ಮ ಕಚೇರಿಯ ಇನ್ಸ್‌ಪೆಕ್ಟರ್ ಸಾಹೇಬರು ಠರಾವಿನ ಚೌಕಶಿಗೆ, ಅಂದರೆ ವಿಚಾರಣೆಗೆ, ಬಂದರು. ಹಾಸಿಗೆಯ ಕಾಲದೆಸೆಯಲ್ಲಿ ಎಳನೀರು ಹಿಡಿದು ಚೇರ್ಮನ್ನರು ನಿಂತಿದ್ದರು. ವೈಜನಾಥನ ದವಡೆಗೆ ತಂತಿ, ತಲೆಗೆ ಪಟ್ಟಿ, ಕೈಗೆ ಪ್ಲಾಸ್ಟರ್. ನೋವಿನ ಇಂಜೆಕ್ಷನ್ನಿನಲ್ಲಿ ಕಣ್ಣುಗಳು ಅರೆ ಮುಚ್ಚಿದ್ದವು. “ಠರಾವಿಗಿ ನಿಮ್ಮ ಸಮ್ಮತಿ ಕಾಯಂ ಅದ ಏನ್ರೀ, ವೈಜನಾಥರಾವ?” ಎಂದು ಇನ್ಸ್‌ಪೆಕ್ಟರರು ಕೇಳಿದರು. ಅದೇ ಗಳಿಗೆಯಲ್ಲಿ ಸಿಸ್ಟರ್ ಸಾರಿಕಾ ಬಂದು ಜಾರಿದ ದಿಂಬನ್ನು ಮೇಲೆತ್ತಿ ಸರಿಪಡಿಸಿದರು. ತಲೆ ಎದ್ದಿತು, ಇಳಿಯಿತು.

“ಅದ. ಸಮ್ಮತಿ ಅದ” ಎಂದರು ಇನ್ಸ್‌ಪೆಕ್ಟರರು.

“ತಲಿ ಅಂವಾ ಅಲ್ಲಾಡ್ಸಿಲ್ರೀ ಸಾಹೇಬ್ರ, ಸಿಸ್ಟರ್ ಅಲ್ಲಾಡ್ಸ್ಯಾರ!” ಎಂದು ಗರ್ಜಿಸಿದೆ.

“ಖರೆ ರೀ. ನಾ ದಿಂಬ ಸರಿ ಮಾಡೀನಿ” ಎಂದರು ಸಾರಿಕಾ.

“ದಿಂಬಿನ ಮ್ಯಾಲ ಇದ್ದದ್ದು ಅವರದೇ ತಲಿ ಹೌದಲ್ಲ?” ಎಂದು ಇನ್ಸ್‌ಪೆಕ್ಟರರು ಎದ್ದು ನಡೆದರು. ಎಳನೀರು ಅವರ ಜೊತೆಗೇ ಹೋಯಿತು.

ಈಗ ತಮ್ಮ ಆದೇಶ ಬಂದಿದೆ: ಒಮ್ಮೆ ಎತ್ತಿದ ಕೈ ಇಳಿಸಲು ಬಾರದು, ಮೇಲಾಗಿ ಸದಸ್ಯರು ಸಮ್ಮತಿಯನ್ನು ಪುನಃ ದೃಢಪಡಿಸಿದ್ದಾರೆ, ಆದ್ದರಿಂದ ಗೋಡೆ ಕಟ್ಟಲು ಅಡ್ಡಿಯಿಲ್ಲ. ಶಹಬ್ಬಾಸ್! ಎಚ್ಚರವಿದ್ದ ಮನುಷ್ಯ ಬಿಸಿಲಿನಲ್ಲಿ ನಿಂತು ಊರೆದುರು ಬದಲಿಸಿದ ಮನಸ್ಸು ಲೆಕ್ಕಕ್ಕಿಲ್ಲ. ಅರೆಪ್ರಜ್ಞೆಯ ಮನುಷ್ಯನ ತಲೆಯನ್ನು ಇನ್ನೊಬ್ಬರು ಎತ್ತಿ ಇಳಿಸಿದರೆ ಅದು ದೃಢವಾದ ಸಮ್ಮತಿ. ಮೋಸ ಹೋದೆನೆಂದು ತಿಳಿದವನು ತಿದ್ದಿಕೊಳ್ಳಬಾರದು ಎಂದಾದರೆ ಎರಡನೆಯ ಸಭೆ ಏತಕ್ಕೆ, ಚಹಾ ಕುಡಿಯಲಿಕ್ಕೆಯೇ? ಪೈಪಿಗೆ ಇರುವ ಮತದಾನದ ಹಕ್ಕು ವೈಜನಾಥನಿಗೆ ಏಕಿಲ್ಲ? ತಾವು ಗೋಡೆಗೆ ಒಪ್ಪಿಗೆ ಕೊಟ್ಟಿಲ್ಲ, ಸಾಹೇಬರೇ. ಮುಂದೆ ನಮ್ಮ ಸೀಮೆಯ ಪ್ರತಿ ಸಣ್ಣ ಕಮಿಟಿಯಲ್ಲಿ ಯಾರ ಕೈ ಮುರಿದರೆ ಯಾವ ಠರಾವು ಪಾಸಾಗುತ್ತದೆ ಎಂಬ ಪಾಠ ಕೊಟ್ಟಿದ್ದೀರಿ.

ನಿನ್ನೆ ಬಾಲಾಜಿ ನನ್ನ ಮಂಟಪದ ಗೋದಾಮಿಗೆ ಬಂದಿದ್ದ. ಕೆನ್ನೆಯ ಹೊಲಿಗೆ ತುರಿಸುತ್ತ ನಕ್ಕ. “ಮಾಮಾ, ನೀವು ಯಾವ ಕೈ ಎತ್ತತೀರಿ? ಎಡಾನೋ ಬಲಾನೋ? ಮೊದಲs ಹೇಳಿ ಇಟ್ರ ನಮಗ ಸುಲಭ.” ನಾನು ಮಂಟಪದ ಕಬ್ಬಿಣದ ಗೂಟ ಹಿಡಿದೇ ಉತ್ತರ ಕೊಟ್ಟೆ, “ಬಾರೋ, ಎರಡೂ ಎತ್ತತೀನಿ.” ಅವನು ಹೋದ. ಗೂಟವನ್ನು ಮಾತ್ರ ನನ್ನ ಕೈ ಬಹಳ ಹೊತ್ತು ಬಿಡಲಿಲ್ಲ. ಈ ಕೈ ಮುಂದೆ ಏನು ಮಾಡೀತೋ ಎಂದು ನನಗೇ ಭಯವಾಗಿದೆ. ಕಾನೂನು ಬಾರದ ಕಡೆ ಗೂಟ ಬರುತ್ತದೆ. ಬರಬಾರದೆಂದೇ ಇಷ್ಟು ಬರೆದೆ.

ಸಂಜೆ ದವಾಖಾನೆಗೆ ಹೋಗಿ ವೈಜನಾಥನಿಗೆ ತಮ್ಮ ಆದೇಶ ಓದಿದೆ. ಹಲ್ಲಿನ ತಂತಿಯ ಹಿಂದೆ ಏನೋ ಗುರುಗುಟ್ಟಿದ, ತಿಳಿಯಲಿಲ್ಲ. ಸಾರಿಕಾ ದಿಂಬಿನ ಕಡೆ ಕೈ ಚಾಚಿದರು. ಬೇಡವೆಂದು ಕಣ್ಣಲ್ಲೇ ತಡೆದ. ಆಮೇಲೆ ಯಾರೂ ಮುಟ್ಟದೆ, ಯಾರೂ ಹಿಡಿಯದೆ, ತನ್ನ ಎಡಗೈಯನ್ನು ತಲೆಯ ಮೇಲೆ ಎತ್ತಿದ. ಎತ್ತಿಯೇ ಹಿಡಿದ.

ಭಾನುವಾರ ಠರಾವು ಕಾಯಂ ಮಾಡುವ ಸಭೆ, ಅದೇ ಗುಡಿಯ ಮುಂದೆ. ನಾವು ಅವನನ್ನು ಮಂಚಸಮೇತ ಹೊತ್ತು ತರುತ್ತೇವೆ. ನನ್ನ ಬೇಡಿಕೆ ಒಂದೇ: ಗೋಡೆಯ ಆದೇಶ ತಡೆಹಿಡಿದು, ಪೊಲೀಸರನ್ನು ಕರೆದುಕೊಂಡು, ತಾವೇ ಬಂದು ಅಧ್ಯಕ್ಷರ ಕುರ್ಚಿಯಲ್ಲಿ ಕೂತು ಆ ಕೈಯನ್ನು ಎಣಿಸಿ. ತಡ ಮಾಡಬೇಡಿ. ಅವನ ಬಳಿ ಉಳಿದಿರುವುದು ಅದೊಂದೇ.

ಇಂತಿ,
ಈ ಪತ್ರ ಬರೆಯುವ ಹೊತ್ತಿಗೆ ಎರಡೂ ಕೈ ನೆಟ್ಟಗಿರುವ
ಕಾಶೆಪ್ಪ, ಮಂಟಪದವನು